ಕೆಟ್ಟ ಗಾಳಿ

ಹೋಬರ್ಟನ ಗೊರಕೆ ನಿಂತಿತು. ಅಡುಗೆಮನೆಯಲ್ಲಿ ಜೋಳದ ಬ್ರೆಡ್ ಕೊಯ್ಯುತ್ತಿದ್ದ ವರ್ನಾ, ಸದ್ಯ, ಗಂಡನಿಗೆ ಒಳ್ಳೆ ನಿದ್ದೆ ಹತ್ತಿತಲ್ಲ ಎಂದುಕೊಂಡಳು. ಕಲ್ಲಿದ್ದಲ ಗಣಿಯ ಚಾವಣಿ ಕುಸಿದು ಬೆನ್ನು ಮುರಿದಾಗಿನಿಂದ ಅವನು ನೆಟ್ಟಗೆ ಮಲಗಿದ್ದೇ ಇಲ್ಲ. ಬೆನ್ನಿಗೆ ಡಾಕ್ಟರು ಕೊಟ್ಟ, ಚರ್ಮದ ಮೂಲಕ ನೋವಿನ ಔಷಧಿ ಇಳಿಸುವ ಪಟ್ಟಿ ಅಂಟಿಸಿತ್ತು. ಇವತ್ತು ಚಳಿ ಜಾಸ್ತಿಯೆಂದು ಅದರ ಮೇಲೆ ಬಿಸಿನೀರಿನ ಚೀಲವನ್ನೂ ಇಟ್ಟು ಬಂದಿದ್ದಳು.

ತಟ್ಟೆ ಹಿಡಿದು ಹೋದರೆ ತುಟಿ ನೀಲಿಯಾಗಿತ್ತು. ಅಲುಗಾಡಿಸಿದಳು. ಏಳಲಿಲ್ಲ. ಮುಖ ಮಾತ್ರ ಬಹಳ ನೆಮ್ಮದಿಯಾಗಿತ್ತು.

ಆ ನೆಮ್ಮದಿಯೇ ಅವಳನ್ನು ಹೆದರಿಸಿತು. ಗಣಿಯ ಹಳೇ ಸುರಂಗದಲ್ಲಿ ಆಮ್ಲಜನಕವಿಲ್ಲದ ಕೆಟ್ಟ ಗಾಳಿಗೆ ಸಿಕ್ಕಿ ಸತ್ತವರ ಬಗ್ಗೆ ಹೋಬರ್ಟನೇ ಹೇಳುತ್ತಿದ್ದ: ಒದ್ದಾಡಿದ ಗುರುತೇ ಇರಲ್ಲ, ಊಟದ ಡಬ್ಬಿ ತೊಡೆ ಮೇಲೆ ಹಾಗೇ ಇರುತ್ತೆ.

ನೋವಿನ ಔಷಧಿಯೋ ನಶೆಯೋ ಅತಿಯಾಗಿ ಉಸಿರು ನಿಂತವರಿಗೆ ಹಾಕಲೆಂದು ಚರ್ಚಿನಲ್ಲಿ ಹಂಚಿದ್ದ ಮೂಗಿನ ಔಷಧಿಯನ್ನು, ಇದೆಲ್ಲ ಚಟದವರಿಗೆ ಎಂದು ಅವಳು ಡ್ರಾಯರಿನ ತಳಕ್ಕೆ ತುರುಕಿದ್ದಳು. ಅದನ್ನೇ ತಡಕಾಡಿ ತಂದು ಅವನ ಮೂಗಿಗೆ ಒತ್ತಿದಳು. ಆಂಬುಲೆನ್ಸಿಗೆ ಫೋನ್ ಮಾಡಿದಳು. ಎಷ್ಟೋ ಹೊತ್ತಾಯಿತು ಎನಿಸಿದ ಮೇಲೆ ಹೋಬರ್ಟ್ ನೀರಿನಿಂದ ಎದ್ದವನಂತೆ ಉಸಿರೆಳೆದ. ಬೆನ್ನಿನ ನೋವೆಲ್ಲ ಒಟ್ಟಿಗೇ ಮರಳಿ, ಕೂಗಿಕೊಂಡ.

ಆಂಬುಲೆನ್ಸಿನಲ್ಲಿ ಬಂದವಳು ವರ್ನಾಳ ತಂಗಿಯ ಮಗಳು ಡಾರ್ಲಾ. ಪಟ್ಟಿ ಕಿತ್ತವಳೇ ಚೀಲ ಮುಟ್ಟಿ ನೋಡಿದಳು.

"ಇದನ್ನ ಪಟ್ಟಿ ಮೇಲಿಟ್ಯಾ ದೊಡ್ಡಮ್ಮ? ಮೂರು ದಿನಕ್ಕೆ ಇಳೀಬೇಕಾದ ಔಷಧಿ ಬಿಸಿಗೆ ಒಂದೇ ಸಲ ನುಗ್ಗಿದೆ."

"ಬೆಚ್ಚಗಿರಲಿ ಅಂತ ಕಣೇ."

"ಮೆದುಳಲ್ಲಿ ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯೋ ರಸ ಇರುತ್ತೆ. ಈ ಔಷಧಿ ಅದನ್ನ ತಡೆಯುತ್ತೆ. ನೋವಿನ ಸುದ್ದಿ ಹೋಗಲ್ಲ, ಸರಿ. ಜಾಸ್ತಿಯಾದ್ರೆ ಉಸಿರಾಡು ಅನ್ನೋ ಸುದ್ದಿನೂ ಹೋಗಲ್ಲ. ಉಸಿರು ನಿಂತಿದೆ ಅಂತ ಗಾಬರಿನೂ ಆಗಲ್ಲ."

ಮೂಗಿನ ಔಷಧಿಯ ಪ್ರಭಾವ ಬೇಗ ಮುಗಿದುಬಿಡುತ್ತದೆ, ಪಟ್ಟಿಯಿಂದ ಚರ್ಮದೊಳಗೆ ಹೋದದ್ದು ಇನ್ನೂ ಇದೆ, ಆಸ್ಪತ್ರೆಗೆ ಹೊರಡಲೇಬೇಕು ಎಂದು ಹೇಳಿ, ಅವಳು ಸ್ಟ್ರೆಚರ್ ತರಲು ಹೊರಗೆ ಓಡಿದಳು.

ವರ್ನಾ ಮಂಚದ ತುದಿಯಲ್ಲಿ ಕುಳಿತಳು. ಚೀಲ ಅವಳ ತೊಡೆಯ ಮೇಲೆ ಇನ್ನೂ ಬೆಚ್ಚಗಿತ್ತು.

"ನಾನು ನಿನ್ನ ಕೊಂದೇಬಿಡ್ತಿದ್ದೆ," ಎಂದಳು.

ಹೋಬರ್ಟ್ ಹಲ್ಲು ಕಚ್ಚಿಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ, ಅವಳ ಮಣಿಕಟ್ಟು ಹಿಡಿದ.

"ಬೆನ್ನು ಮುರಿದ ಮೇಲೆ ನೋವಿಲ್ದೆ ಮಲಗಿದ್ದು ಇವತ್ತೇ. ಆ ಚೀಲ ಎಸೀಬೇಡ."