ದಶಾಂಶದ ಬಿಂದು

ನಲವತ್ತು ಮಕ್ಕಳು ಒಬ್ಬರಾದ ಮೇಲೊಬ್ಬರು ಬಂದು ಉತ್ತರ ಒತ್ತಿದರು. ನಂಜನಗೂಡು ತಾಲ್ಲೂಕಿನ ಆ ಸಣ್ಣ ಶಾಲೆಗೆ ಆ ವರ್ಷವಷ್ಟೇ ಬಂದಿದ್ದ ಕಂಪ್ಯೂಟರು ನಲವತ್ತು ಸಲವೂ ತಪ್ಪು ಎಂದು ಕಿರುಚಿತು.

"ಸಾ, 0.25 ದೊಡ್ಡದು ಅಂದ್ರೆ ಒಪ್ಕತಾನೇ ಇಲ್ಲ. 0.5 ದೊಡ್ಡದು ಅಂತದ," ಎಂದಳು ಏಳನೇ ತರಗತಿಯ ಪವಿತ್ರ, ಮೇಷ್ಟರ ಕೈಯ ಬೆತ್ತದ ಕಡೆಗೇ ನೋಡುತ್ತ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಮೇಷ್ಟರು ಯಂತ್ರವನ್ನೇ ದೂರಿದರು. "ವೈರಸ್ ಹೊಕ್ಕಿರ್ಬೇಕು ಕಣಮ್ಮ. ಬಿಂದು ಅಳಿಸಿ ನೋಡು. ಇಪ್ಪತ್ತೈದು ದೊಡ್ಡದೋ, ಐದು ದೊಡ್ಡದೋ?" ಎಂದು ಗದರಿದ ಗಂಗಾಧರಸ್ವಾಮಿ ಮೇಷ್ಟರು ಮಕ್ಕಳನ್ನು ಮನೆಗೆ ಕಳಿಸಿದರು. ಅವರು ಓದಿದ್ದು ಕನ್ನಡ. ಗಣಿತಕ್ಕೆ ಯಾರೂ ಬಾರದ ಆ ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಲೆಕ್ಕ ಹೇಳಿಕೊಡುತ್ತಿದ್ದವರೂ ಅವರೇ.

ಖಾಲಿ ಕೋಣೆಯಲ್ಲಿ ಕೂತು ತಾವೇ ಒತ್ತಿ ನೋಡಿದರು. ತಪ್ಪು. ಯಂತ್ರ ಬೈಯಲಿಲ್ಲ, ಬೆತ್ತ ಎತ್ತಲಿಲ್ಲ. ಪರದೆಯ ಮೇಲೆ ಎರಡು ಲೋಟ ಇಟ್ಟು ಹಾಲು ಸುರಿಯಿತು. 0.5 ಎಂದು ಬರೆದ ಲೋಟ ಅರ್ಧ ತುಂಬಿತು. 0.25ರದ್ದು ಕಾಲು ಭಾಗಕ್ಕೇ ನಿಂತಿತು. ಹದಿನೆಂಟು ವರ್ಷ! ತಾನು ಕಲಿಸಿದ ಮಕ್ಕಳು ಈಗ ಎಲ್ಲೆಲ್ಲಿ ಕೂತು ಏನೇನು ಅಳೆಯುತ್ತಿದ್ದಾರೋ ಎಂದು ಭಯವಾಯಿತು.

ಮನೆಗೆ ಹೊರಟಾಗ ಬಸ್ ಸ್ಟಾಂಡಿನಲ್ಲಿ ಹಳೇ ಶಿಷ್ಯೆ ಮಂಗಳಗೌರಿ ಕಾಲು ಮುಟ್ಟಿ ನಮಸ್ಕರಿಸಿದಳು. ಪೇಟೆಯ ಯಾವುದೋ ನರ್ಸಿಂಗ್ ಹೋಮಿಗೆ ಸೇರಿ ನಾಲ್ಕು ದಿನವಾಗಿತ್ತಂತೆ.

"ಏನು ಕೆಲಸವಮ್ಮ?" ಎಂದು ಮೇಷ್ಟರು ಕೇಳಿದರು.

"ಎಳೇ ಮಕ್ಳ ವಾರ್ಡು ಸಾ. ಸಿರಿಂಜಲ್ಲಿ ಔಸ್ದಿ ಅಳ್ದು ಬಾಯ್ಗೆ ಬುಡೋದು. ಒಂದು ಮಗೀಗೆ 0.25 ಕೊಡ್ತಿದ್ದೊ. ಜಾಸ್ತಿ ಆಯ್ತು, ಇಳ್ಸು ಅಂತ ಡಾಕ್ಟ್ರು ಏಳವ್ರೆ."

ಅಷ್ಟರಲ್ಲಿ ಬಸ್ಸು ಬಂತು. ಮೆಟ್ಟಿಲು ಹತ್ತಿದವಳು ತಿರುಗಿ ಹೆಮ್ಮೆಯಿಂದ ಅಂದಳು: "ಎಷ್ಟಕ್ಕೆ ಇಳ್ಸಬೇಕು ಅಂತ ನಾನು ಕೇಳ್ನೇ ಇಲ್ಲ ಸಾ. ನೀವು ಕಲ್ಸಿದ್ದು ಮರ್ತಿಲ್ಲ. ಈಗ ಓಗಿ 0.5 ಕೊಡ್ತೀನಿ."

"ಬೇಡ! ಇಳಿಯಮ್ಮ, ಬೇಡ!"

ಕಂಡಕ್ಟರ್ ಸೀಟಿ ಊದಿದ. ಐವತ್ತು ದಾಟಿದ ಮೇಷ್ಟರು ಪಂಚೆ ಎತ್ತಿ ಕಟ್ಟಿ ಬಸ್ಸಿನ ಹಿಂದೆ ಓಡಿದರು, ಎರಡೂ ಕೈ ಮೇಲೆತ್ತಿ ಕೂಗುತ್ತ. ಕಿಟಕಿಯಲ್ಲಿ ಮಂಗಳಗೌರಿ ನಗುತ್ತ ತಾನೂ ಕೈ ಬೀಸುತ್ತಿದ್ದಳು.