ಇಪ್ಪತ್ತು ದಿನದ ಹಾಳೆ

ಶಾಂಭವಿ ಕಾರ್ಡ್ ಎತ್ತಲಿಲ್ಲ. ಆರು ವರ್ಷವಾದರೂ ಮಾತು ಬಾರದ ಆ ಹುಡುಗಿ ಸ್ಟೀಲ್ ಲೋಟದ ಚಿತ್ರವಿದ್ದ ಕಾರ್ಡ್ ಕೊಟ್ಟು ನೀರು ಕೇಳುವುದನ್ನು ಕಲಿಯಬೇಕಿತ್ತು. ತಾರ್ನಾಕದ ವಿಶೇಷ ಶಾಲೆಯ ಟೀಚರ್ ಅನುರಾಧಾ ಹತ್ತರವರೆಗೆ ಎಣಿಸುತ್ತಿದ್ದರು. ಅಲ್ಲಿಯವರೆಗೆ ಯಾರೂ ಸಹಾಯ ಮಾಡುವಂತಿಲ್ಲ. ಮಗಳ ಮೊಣಕೈ ತಳ್ಳಿಬಿಟ್ಟೇನೆಂಬ ಭಯಕ್ಕೆ ಬಂಡೆಮ್ಮ ತನ್ನ ಕೈಯನ್ನು ತೊಡೆಯಡಿ ಒತ್ತಿಟ್ಟುಕೊಂಡಿದ್ದಳು. ಮಗಳು ದಿನವೂ ಕಾರ್ಡ್ ಕೊಟ್ಟಳೇ ಎಂದು ಅವಳು ಮನೆಯಲ್ಲಿ ತುಂಬಿ ತಂದ ಹಾಳೆಯಲ್ಲಿ ಇಪ್ಪತ್ತು ದಿನಕ್ಕೂ ಸರಿ ಗುರುತೇ ಇತ್ತು.

ಎಣಿಕೆ ಹತ್ತಾಯಿತು. ಅನುರಾಧಾ ಹಾಳೆಯನ್ನೊಮ್ಮೆ, ಬಂಡೆಮ್ಮನನ್ನೊಮ್ಮೆ ನೋಡಿದರು. "ಮನ್ಯಾಗ ಖರೇನ ಕೊಡ್ತಾಳೇನ್ರಿ?"

"ಇಲ್ಲರಿ ಟೀಚರ್, ಒಂದ್ ದಿನಾನೂ ಕೊಟ್ಟಿಲ್ಲ. ತಪ್ಪು ಅಂತ ಹಾಕಿದ್ರ ಸಾಲಿಯಿಂದ ತಗೀತೀರಿ ಅಂತ ಅಂಜಿದ್ನಿರಿ."

ಅನುರಾಧಾ ಪೆನ್ನು ಮುಂದೆ ಸರಿಸಿದರು. "ಇವತ್ತಿಂದು ನೀವೇ ಹಾಕ್ರಿ. ಎಲ್ಲಾ ಸರಿ ಅಂದ್ರ ಏನ್ ಬದಲ್ ಮಾಡ್ಬೇಕು ಅಂತ ನನಗ ಹೆಂಗ ತಿಳೀಬೇಕು?" ಬಂಡೆಮ್ಮ ಇಂಟು ಗುರುತು ಹಾಕಿದಳು. ಟೀಚರ್ ಕೇಳಿದರು: "ಮನ್ಯಾಗ ಈಕಿ ನೀರು ಯಾವುದ್ರಾಗ ಕುಡೀತಾಳ?"

"ಬಿಲ್ಡಿಂಗ್ ಕೆಲಸದ ಶೆಡ್ಡಿನಾಗ ಇರ್ತೀವ್ರಿ. ಹಸಿರು ಬಾಟ್ಲಿ ಐತಿ, ಅದ್ರಾಗ."

ಅನುರಾಧಾ ಕಾರ್ಡಿನ ಹಿಂಬದಿಯಲ್ಲಿ ಹಸಿರು ಬಾಟಲಿಯ ಚಿತ್ರ ಬರೆದು ಮೇಜಿನ ಮೇಲಿಟ್ಟರು, ಮತ್ತೆ ಎಣಿಸತೊಡಗಿದರು. ಬಂಡೆಮ್ಮನ ಕೈ ತಾನಾಗಿ ತೊಡೆಯಡಿ ಹೋಯಿತು. ಐದಾಯಿತು, ಏಳಾಯಿತು. ಮಗಳು ಕಿಟಕಿಯತ್ತ ನೋಡುತ್ತಿದ್ದಳು. ಎಂಟು. ಒಂಬತ್ತಕ್ಕೆ ಶಾಂಭವಿ ಕಾರ್ಡ್ ಎತ್ತಿ, ಟೀಚರಿಗಲ್ಲ, ತಾಯಿಗೆ ಚಾಚಿದಳು. ಇಸಿದುಕೊಳ್ಳಲು ಹೋದರೆ ಬಂಡೆಮ್ಮನ ಕೈ ಜೋಮು ಹಿಡಿದಿತ್ತು.