ಶಿಕ್ಕಾ ಬಿದ್ದ ಪುಸ್ತಕ

ಮಗಳ ಶಾಲೆಯ ಚೀಲದಿಂದ ಜಾರಿ ಬಿದ್ದ ಚಿತ್ರದ ಪುಸ್ತಕವನ್ನು ಎತ್ತಿಕೊಂಡ ಸಿಕಂದರ ಮೊದಲ ಪುಟ ತೆರೆದವನೇ ಬೆಚ್ಚಿಬಿದ್ದ. ಅಲ್ಲಿ ನೇರಳೆ ಬಣ್ಣದ ದುಂಡನೆಯ ಠಸ್ಸೆ ಇತ್ತು. ಅವನ ಧಂದೆಯಲ್ಲಿ ಅದಕ್ಕೆ ಶಿಕ್ಕಾ ಎನ್ನುತ್ತಾರೆ. ಅಂಧೇರಿಯಲ್ಲಿ ಹನ್ನೆರಡು ವರ್ಷದಿಂದ ರದ್ದಿ ಅಂಗಡಿ ನಡೆಸುತ್ತಿದ್ದ ಸಿಕಂದರನಿಗೆ ಓದು ಬರಹ ಅಷ್ಟಕ್ಕಷ್ಟೇ, ಆದರೆ ಶಿಕ್ಕಾ ಮಾತ್ರ ಮಾರು ದೂರದಿಂದಲೇ ಗೊತ್ತಾಗುತ್ತಿತ್ತು. ಲೈಬ್ರರಿಯ ಶಿಕ್ಕಾ ಬಿದ್ದ ಪುಸ್ತಕವೆಂದರೆ ಕದ್ದ ಮಾಲು, ತಕ್ಕಡಿಗೆ ಹಾಕಬೇಡ ಎಂದು ಧಂದೆ ಕಲಿಸಿದ ಉಸ್ತಾದ ಮೊದಲ ದಿನವೇ ಹೇಳಿಕೊಟ್ಟಿದ್ದ. ಅಂಥದ್ದನ್ನು ತಂದವರನ್ನು ಸಿಕಂದರ ಅಂಗಡಿಯ ಮೆಟ್ಟಿಲು ಹತ್ತಲೂ ಬಿಟ್ಟವನಲ್ಲ. ಈಗ ನೋಡಿದರೆ ಮಾಲು ಮನೆಯಲ್ಲೇ ಇದೆ.

ಎಂಟು ವರ್ಷದ ಶಾಹೀನ, ಲೈಬ್ರರಿಯವರೇ ಕೊಟ್ಟದ್ದು ಎಂದಳು. ಎಷ್ಟಕ್ಕೆ ಎಂದು ಕೇಳಿದ. ಪುಕ್ಕಟೆ ಎಂದಳು. ಈ ಮುಂಬಯಿಯಲ್ಲಿ ಹಳೇ ಪೇಪರನ್ನೂ ಯಾರೂ ಪುಕ್ಕಟೆ ಕೊಟ್ಟದ್ದನ್ನು ಕಾಣದ ಸಿಕಂದರ, ಶಿಕ್ಕಾ ಬಿದ್ದದ್ದು ಕದ್ದದ್ದೇ, ಕಳ್ಳತನದ ಮೇಲೆ ಸುಳ್ಳು ಬೇರೆ ಎಂದು ಅವಳ ಕೆನ್ನೆಗೆ ಒಂದು ಬಿಟ್ಟ. ಹೆಂಡತಿ ಗುಲಶನ ಎದುರಿನ ಬಿಲ್ಡಿಂಗಿಗೆ ಮನೆಗೆಲಸಕ್ಕೆ ಹೋಗಿದ್ದಳು, ತಡೆಯುವವರು ಯಾರೂ ಇರಲಿಲ್ಲ. ಮಗಳ ರಟ್ಟೆ ಹಿಡಿದು ಲೈಬ್ರರಿಗೆ ನಡೆದೇಬಿಟ್ಟ.

ಮಕ್ಕಳ ಕೋಣೆಯಲ್ಲಿ ಚಾಪೆಯ ತುಂಬ ಮಕ್ಕಳು, ಪಕ್ಕದಲ್ಲಿ ಅವರ ಮನೆಯವರು. ಒಬ್ಬ ಅಜ್ಜ ಪುಸ್ತಕ ಹಿಡಿದುಕೊಂಡು ಮೊಮ್ಮಗನಿಗೆ ಹುಲಿಯ ಹಾಗೆ ಗುರುಗುಟ್ಟಿ ತೋರಿಸುತ್ತಿದ್ದವನು ಇವರನ್ನು ಕಂಡು ಅರ್ಧಕ್ಕೇ ನಿಲ್ಲಿಸಿದ. ಸಿಕಂದರ ಪುಸ್ತಕವನ್ನು ಮೇಜಿನ ಮೇಲಿಟ್ಟು, ಎಲ್ಲರೆದುರು ಕಿವಿ ಹಿಡಿದುಕೊಂಡು ಮಾಫಿ ಕೇಳು ಎಂದು ಮಗಳಿಗೆ ಹೇಳಿದ. ಶಾಹೀನ ಕೇಳಿದಳು. ಅಪ್ಪ ಹೇಳಿದ ಹಾಗೆ ಎರಡೂ ಕಿವಿ ಹಿಡಿದುಕೊಂಡೇ ಕೇಳಿದಳು.

ಮೇಜಿನ ಹಿಂದಿದ್ದ ರೂಪಾಲಿ ಬೆಳಗಾವಿ ಕಡೆಯವಳು. ನಡೆದದ್ದೇನೆಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಡ್ರಾಯರಿನಿಂದ ಒಂದು ಕಾರ್ಡ್ ತೆಗೆದು ಸಿಕಂದರನ ಮುಂದಿಟ್ಟಳು. ಅದರಲ್ಲಿ ಶಾಹೀನಳ ಫೋಟೋ ಇತ್ತು, ಕೆಳಗೆ ಗುಲಶನಳ ಸೊಟ್ಟ ಸೊಟ್ಟ ಸಹಿ.

"ಕಳುವು ಯಾಕ್ರೀ? ಪುಸ್ತಕ ನಾನ ಕೊಟ್ಟೇನಿ. ಪ್ರತಿ ಶುಕ್ರವಾರ ತಾಯಿ ಮಗಳು ಇಬ್ರೂ ಬರ್ತಾರ. ಇಕಿ ಜೋರಾಗಿ ಓದ್ತಾಳ, ಅವರು ಕೇಳಿ ಕೇಳಿ ನಗ್ತಾರ. ಅವರ ನಗು ನೋಡಿ ನಾವೂ ನಗ್ತೀವ್ರಿ."

ಭೂಮಿ ಬಾಯಿ ಬಿಡಬಾರದೇ ಎನಿಸಿತು ಸಿಕಂದರನಿಗೆ. ಗುಲಶನ ಮನೆಯಲ್ಲಿ ಹಾಗೆ ನಕ್ಕದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಹೋದ, ಆಗಲಿಲ್ಲ. ತನಗೇಕೆ ಹೇಳಲಿಲ್ಲ ಎಂದು ಕೇಳುವ ಬಾಯಿಯೂ ಅವನಿಗಿರಲಿಲ್ಲ. ಶಾಲೆಯ ಪುಸ್ತಕ ಕಂಡರೂ ಇದು ಎಷ್ಟು ಕಿಲೋ ತೂಗೀತು ಎಂದು ಗೇಲಿ ಮಾಡುತ್ತಿದ್ದವನು ತಾನೇ ಅಲ್ಲವೇ. ಮಗಳ ಕೆನ್ನೆಯ ಮೇಲೆ ಅವನ ಬೆರಳುಗಳು ಇನ್ನೂ ಕೆಂಪಗೆ ಮೂಡಿದ್ದವು. ಚಾಪೆಯ ಮೇಲಿದ್ದವರೆಲ್ಲ ಅದನ್ನೇ ನೋಡುತ್ತಿದ್ದರು. ಮಾಫಿ ಕೇಳಬೇಕಾದವನು ತಾನು ಎಂದು ಅವನಿಗೆ ಗೊತ್ತಿತ್ತು. ಅಷ್ಟು ಜನರೆದುರು ಮಗಳು ಮಾಡಿದ್ದನ್ನು ಮಾಡಲು ಅವನಿಂದಾಗಲಿಲ್ಲ.

ರೂಪಾಲಿ ಪುಸ್ತಕವನ್ನು ಶಾಹೀನಳ ಕಡೆ ಚಾಚಿದಳು. ಶಾಹೀನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ತಗೋ ಬೇಟಾ," ಎಂದ ಸಿಕಂದರ.

ಅವಳು ಅಪ್ಪನ ಮುಖ ನೋಡಿದಳು. ಆಮೇಲೆ ಗೋಡೆಯುದ್ದಕ್ಕೂ ತುಂಬಿದ್ದ ಕಪಾಟುಗಳ ಕಡೆ ನೋಡಿ, ರೂಪಾಲಿಗೆ ಮಾತ್ರ ಕೇಳಿಸುವ ಹಾಗೆ ಕೇಳಿದಳು:

"ದೀದಿ, ಶಿಕ್ಕಾ ಇಲ್ಲದ್ದು ಒಂದಾದ್ರೂ ಐತೇನು?"